ಯಾರು ಜೋರು ಮಾಡುತ್ತಾರೋ ಅವರಿಗೇ ಮೊದಲು ಕಟ್ಟಬೇಕೇ?

ಪ್ರಶ್ನೆ: ನಮ್ಮದು ದಾವಣಗೆರೆ. ನಮ್ಮ ಯಜಮಾನರು ಎಪಿಎಂಸಿ ಕಡೆ ಲಗೇಜ್ ಆಟೋ ಓಡಿಸುತ್ತಾರೆ, ಡೀಸೆಲ್ ಖರ್ಚು ಕಳೆದು ತಿಂಗಳಿಗೆ 15,000 ಉಳಿಯುತ್ತದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿದು 6,000 ದುಡಿಯುತ್ತೇನೆ, ಗೃಹಲಕ್ಷ್ಮಿ ಹಣ 2,000 ಬರುತ್ತದೆ. ಆಟೋ ಫೈನಾನ್ಸ್ ಕಂತು 6,800, ಎರಡು ಕಂತು ಬಾಕಿಯಾಗಿದೆ. ಎರಡು ಸಂಘದ ಸಾಲ ಇವೆ, ವಾರಕ್ಕೆ ಒಂದಕ್ಕೆ 1,150, ಇನ್ನೊಂದಕ್ಕೆ 950. ಅತ್ತೆಯ ಆಸ್ಪತ್ರೆ ಖರ್ಚಿಗೆ ಎರಡು ವರ್ಷದ ಹಿಂದೆ 60,000 ಕೈಸಾಲ ಮಾಡಿದೆವು, ನೂರಕ್ಕೆ ಐದು ರೂಪಾಯಿ ಬಡ್ಡಿ. ತಿಂಗಳಿಗೆ 3,000 ತಪ್ಪದೆ ಕೊಟ್ಟಿದ್ದೇವೆ, ಅಸಲು ಹಾಗೇ ಇದೆ. ಸಹಿ ಮಾಡಿದ ಎರಡು ಖಾಲಿ ಚೆಕ್ ಅವರ ಹತ್ತಿರ ಇವೆ. ಸಂಘದ ಕಂತು ಕಟ್ಟಲಿಕ್ಕೆ ಮೊಬೈಲ್ ಆಪ್‌ನಲ್ಲಿ 9,000 ಸಾಲ ತೆಗೆದೆ. ಖಾತೆಗೆ ಬಂದಿದ್ದು 5,800 ಮಾತ್ರ, ಏಳೇ ದಿನಕ್ಕೆ ಪೂರ್ತಿ ಕೇಳಿದರು. ಈಗ 17,000 ಅನ್ನುತ್ತಾರೆ, ಕಟ್ಟದಿದ್ದರೆ ನನ್ನ ಫೋಟೋ ಕೆಟ್ಟದಾಗಿ ಮಾಡಿ ನೆಂಟರಿಗೆಲ್ಲ ಕಳಿಸುತ್ತಾರಂತೆ. ಆಪ್ ವಿಷಯ ಯಜಮಾನರಿಗೆ ಗೊತ್ತಿಲ್ಲ. ನನ್ನ ಹತ್ತಿರ ಉಳಿದಿರುವುದು ಕಿವಿಯೋಲೆ ಮಾತ್ರ. ಅದನ್ನು ಅಡವಿಟ್ಟು ಆಪ್‌ನವರ ಬಾಯಿ ಮುಚ್ಚಿಸಲೇ? ಒಮ್ಮೊಮ್ಮೆ ಬದುಕೇ ಬೇಡ ಅನ್ನಿಸುತ್ತದೆ.

ಉತ್ತರ: ತಂಗೀ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಬದುಕು ಬೇಡ ಅನ್ನಿಸಿದ ಗಳಿಗೆಯಲ್ಲಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಕ್ಕನೋ ಅಣ್ಣನೋ ಓಣಿಯ ಹಿರಿಯರೋ, ನಂಬಿಕೆಯ ಒಬ್ಬರ ಹತ್ತಿರ ಇವತ್ತೇ ಈ ಮಾತು ಬಾಯಿಬಿಟ್ಟು ಹೇಳಿ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದ ಮೇಲೂ ಸಾಲದ ಕಾಗದ ಹಿಡಿದು ಬಂದವರ ಜೊತೆ ಕೂತು ಲೆಕ್ಕ ನೋಡುತ್ತಲೇ ಇದ್ದೇನೆ. ನಿಮ್ಮದು ಕಷ್ಟದ ಲೆಕ್ಕ, ಆದರೆ ಬಿಡಿಸಲಾಗದ ಲೆಕ್ಕವಲ್ಲ.

ಕಿವಿಯೋಲೆ ಅಡವಿಡಬೇಡಿ. ಆಪ್‌ನವರಿಗಂತೂ ಬೇಡವೇ ಬೇಡ.

ಸಾಲ ಮೇಲೆ ಬಿದ್ದಾಗ ಎಲ್ಲರೂ ಮಾಡುವುದು ಒಂದೇ. ಯಾರು ಹೆಚ್ಚು ಕೂಗುತ್ತಾರೋ, ಯಾರು ಮನೆ ಮುಂದೆ ಬಂದು ನಿಲ್ಲುತ್ತಾರೋ ಅವರಿಗೆ ಮೊದಲು ಕೊಟ್ಟು ಕಳಿಸುತ್ತಾರೆ. ಸುಮ್ಮನೆ ನೋಟಿಸ್ ಕಳಿಸುವವರನ್ನು ನಾಳೆ ನೋಡೋಣ ಅಂತ ಬಿಡುತ್ತಾರೆ. ಇದು ಪೂರ್ತಿ ತಿರುಗುಮುರುಗು. ಕೈಯಲ್ಲಿ ಕಾನೂನಿನ ಬಲ ಇರುವವನು ಕೂಗುವುದಿಲ್ಲ, ಕಾಗದ ಕಳಿಸುತ್ತಾನೆ. ಕೂಗುವವನಿಗೆ ಬಹಳ ಸಲ ಕೂಗುವುದು ಬಿಟ್ಟು ಬೇರೆ ಬಲವೇ ಇರುವುದಿಲ್ಲ. ಅದಕ್ಕೇ, ಕಟ್ಟದಿದ್ದರೆ ನಿಮ್ಮ ಅನ್ನಕ್ಕೆ ಏನಾಗುತ್ತದೆ ಅನ್ನುವುದನ್ನು ನೋಡಿ ಸರದಿ ಹಾಕಬೇಕು. ಹಾಗೆ ಹಾಕಿದರೆ ನಿಮ್ಮ ಮನೆಯಲ್ಲಿ ಮೊದಲ ಸಾಲು ಆಟೋದ್ದು, ಆಮೇಲೆ ಸಂಘದವು, ಅದರಾಚೆ ಕೈಸಾಲ. ಆಪ್ ಕಟ್ಟಕಡೆಗೆ, ಅದೂ ಕಟ್ಟಬೇಕಾದ ಸಾಲ ಹೌದೋ ಅಲ್ಲವೋ ಎಂದು ನೋಡಿಕೊಂಡು.

ಲೆಕ್ಕಕ್ಕೆ ಮೊದಲು ಯಜಮಾನರಿಗೆ ಹೇಳುವ ಕೆಲಸವಿದೆ. ಆಪ್‌ನವರ ಕೈಯಲ್ಲಿರುವ ಆಯುಧವೇ ನಿಮ್ಮ ಗುಟ್ಟು. ಅವರು ಹೇಳುವ ಮೊದಲು ನೀವೇ ಹೇಳಿಬಿಟ್ಟರೆ ಆ ಆಯುಧ ಮೊಂಡಾಗುತ್ತದೆ. ಎದುರಿಗೆ ಹೇಳಲು ಧೈರ್ಯ ಸಾಲದಿದ್ದರೆ ಅವರು ಮಾತು ಕೇಳುವಂಥ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಹೇಳಿ. ಆಮೇಲೆ ಹತ್ತಿರದ ನೆಂಟರಿಗೆ ನೀವೇ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ: "ಸಾಲದ ಆಪ್‌ನವರು ನನ್ನ ಫೋಟೋ ತಿದ್ದಿ ಕಳಿಸಬಹುದು, ನಂಬಬೇಡಿ, ಬಂದರೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ, ಪೊಲೀಸರಿಗೆ ದೂರು ಕೊಟ್ಟಿದ್ದೇವೆ." ಇಷ್ಟು ಸಾಕು, ಕಥೆ ಎಲ್ಲ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ಆಪ್. ಒಂಬತ್ತು ಸಾವಿರಕ್ಕೆ ಸಹಿ ಹಾಕಿಸಿಕೊಂಡು 5,800 ಕೊಟ್ಟು ಏಳು ದಿನಕ್ಕೆ ವಾಪಸ್ ಕೇಳುವುದು ಕಳ್ಳ ಆಪ್‌ಗಳ ಲಕ್ಷಣ. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಸಾಲ ಕೊಡುವ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಯಾವುದು, ಬಡ್ಡಿ ಮತ್ತು ಶುಲ್ಕ ಎಲ್ಲ ಸೇರಿ ಎಷ್ಟು ಅನ್ನುವುದನ್ನು ಮೊದಲೇ ಬರೆದು ತೋರಿಸಬೇಕು. ಕಂತು ನೇರವಾಗಿ ಆ ಕಂಪನಿಯ ಖಾತೆಗೇ ಹೋಗಬೇಕು. ಫೋನಿನಲ್ಲಿರುವ ನಂಬರ್, ಫೋಟೋಗಳಿಗೆ ಆಪ್ ಕೈ ಹಾಕುವಂತಿಲ್ಲ. ನಿಮ್ಮ ಆಪ್‌ನಲ್ಲಿ ಕಂಪನಿಯ ಹೆಸರು ಇದೆಯೇ ನೋಡಿ. ಹೆಸರಿದ್ದು, ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯಾಗಿದ್ದರೆ ಅವರ ಶಾಖೆಗೆ ಬರೆದು ಸರಿಯಾದ ಲೆಕ್ಕ ಕೇಳಿ, ಅವರ ಖಾತೆಗೇ ಕಟ್ಟಿ. ಹೆಸರೇ ಇಲ್ಲದೆ ದಿನಕ್ಕೊಂದು ಯುಪಿಐ ನಂಬರ್ ಕಳಿಸುತ್ತಿದ್ದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಇಂಥವರಿಗೆ ಕಟ್ಟಿದಷ್ಟೂ ಬಾಕಿ ಬೆಳೆಯುತ್ತದೆ, ಇವಳು ಹೆದರುತ್ತಾಳೆ ಅನ್ನುವುದು ಅವರಿಗೆ ಖಾತ್ರಿಯಾಗುತ್ತದೆ. ಬೆದರಿಕೆಯ ಮೆಸೇಜ್, ನಂಬರ್, ಹಣ ಬಂದ ಮತ್ತು ಹೋದ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದಾದ ಮೇಲೆ ಆಪ್‌ಗೆ ಕೊಟ್ಟ ಅನುಮತಿಗಳನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದು, ಆಪ್ ಅಳಿಸಿ. 1930ಕ್ಕೆ ಫೋನ್ ಮಾಡಿ ದೂರು ಬರೆಸಿ, ಸೈಬರ್ ಅಪರಾಧ ನೋಡುವ ದಾವಣಗೆರೆಯ ಸಿಇಎನ್ ಪೊಲೀಸ್ ಠಾಣೆಗೂ ಕೊಡಿ. ಫೋಟೋ ತಿದ್ದಿ ಹಂಚುವುದು ದೊಡ್ಡ ಅಪರಾಧ. ಅದರಲ್ಲಿ ತಲೆ ತಗ್ಗಿಸಬೇಕಾದವರು ನೀವಲ್ಲ.

ಈಗ ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕೂತು ಬರೆಯಿರಿ. ಒಳಗೆ ಬರುವುದು 23,000. ಹೊರಗೆ ಹೋಗಬೇಕಾದ್ದು ಆಟೋಗೆ 6,800, ಸಂಘಗಳಿಗೆ ವಾರಕ್ಕೆ 2,100ರಂತೆ ತಿಂಗಳಿಗೆ ಸುಮಾರು 9,100, ಕೈಸಾಲದ ಬಡ್ಡಿ 3,000. ಒಟ್ಟು 18,900. ಉಳಿಯುವ ನಾಲ್ಕು ಸಾವಿರದಲ್ಲಿ ಸಂಸಾರ ನಡೆಯಲು ಸಾಧ್ಯವೇ ಇಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಿರುವುದು ಅದಕ್ಕೇ, ನಿಮ್ಮ ದುಂದುವೆಚ್ಚದಿಂದಲ್ಲ. ಮನೆ ಬಾಡಿಗೆ, ಅಕ್ಕಿ ಬೇಳೆ, ಗ್ಯಾಸು, ಕರೆಂಟು, ಔಷಧಿ, ಮಕ್ಕಳಿದ್ದರೆ ಅವರ ಶಾಲೆ, ಇಷ್ಟನ್ನು ಮೊದಲು ತೆಗೆದಿಡಿ. 11,000ದಲ್ಲಿ ಸಾಗುತ್ತದೆ ಅಂದುಕೊಳ್ಳೋಣ. ಆಗ ಸಾಲಕ್ಕೆಂದು ಉಳಿಯುವುದು 12,000. ಇಷ್ಟರೊಳಗೇ ಎಲ್ಲರನ್ನೂ ಹೊಂದಿಸಬೇಕು, ಹೊಸ ಸಾಲದ ಮಾತೇ ಬೇಡ. ದುಗ್ಗಮ್ಮನ ಜಾತ್ರೆ ಬಂದರೂ ಬೇಡ. ನೆಂಟರನ್ನು ಆ ವರ್ಷ ಕರೆಯದಿದ್ದರೆ ದೇವಿ ಮುನಿಯುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಲು ಕಾರಣವಿದೆ. ಜಾತ್ರೆ ಮುಗಿದ ಮೇಲೂ ತಿಂಗಳುಗಟ್ಟಲೆ ಅದರ ಬಡ್ಡಿ ಕಟ್ಟುವ ಮನೆಗಳನ್ನು ನಾನು ನೋಡುತ್ತಲೇ ಬಂದಿದ್ದೇನೆ.

ಆಟೋ ಹೋದರೆ ಮನೆಯ ಮುಖ್ಯ ದುಡಿಮೆಯೇ ಹೋಗುತ್ತದೆ. ಆದ್ದರಿಂದ 6,800 ಮೊದಲು ಅಲ್ಲಿಗೆ. ಎರಡು ಕಂತು ತಪ್ಪಿದೆ ಅಂದಿರಿ, ಮೂರನೆಯದು ತಪ್ಪುವ ಮೊದಲೇ ಫೈನಾನ್ಸ್ ಶಾಖೆಗೆ ಯಜಮಾನರು ತಾವಾಗಿ ಹೋಗಬೇಕು. ಬಾಕಿ 90 ದಿನ ದಾಟಿದರೆ ಆ ಸಾಲ ವಸೂಲಾಗದ ಸಾಲವೆಂದು ದಾಖಲಾಗುತ್ತದೆ, ಆಮೇಲೆ ಮಾತುಕತೆ ಬಿಗಿಯಾಗುತ್ತದೆ. ಬಾಕಿ ಕಂತುಗಳನ್ನು ಅವಧಿಯ ಕೊನೆಗೆ ಹಾಕಿಕೊಡಿ ಎಂದು ಬರೆದು ಕೇಳಿ. ಮೆಕ್ಕೆಜೋಳದ ಆವಕ ಶುರುವಾದರೆ ಎಪಿಎಂಸಿಯಲ್ಲಿ ಬಾಡಿಗೆ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಆ ಮಾತನ್ನೂ ಅರ್ಜಿಯಲ್ಲಿ ಬರೆಯಿರಿ, ಮ್ಯಾನೇಜರಿಗೆ ಮೇಲಿನವರಿಗೆ ತೋರಿಸಲು ಒಂದು ಕಾರಣ ಸಿಗುತ್ತದೆ. ತಡವಾದ ಕಂತಿಗೆ ದಂಡ ಹಾಕಬಹುದು, ಆದರೆ ಆ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಣಿಸುವಂತಿಲ್ಲ. ರಿಸರ್ವ್ ಬ್ಯಾಂಕಿನ 2023ರ ಆದೇಶವದು. ಪಿ.ಬಿ. ರಸ್ತೆಯಲ್ಲಿ ನಾಲ್ಕು ಜನ ಅಡ್ಡಗಟ್ಟಿ ಕೀಲಿ ಕಿತ್ತುಕೊಂಡು ಹೋಗುವುದೂ ಕಾನೂನಲ್ಲ. ಗೂಂಡಾಗಳನ್ನು ಬಿಟ್ಟು ಗಾಡಿ ಎಳೆಸಬಾರದೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಗಾಡಿ ವಶಕ್ಕೆ ತೆಗೆದುಕೊಳ್ಳಲು ಕರಾರಿನಲ್ಲಿ ಬರೆದ ಕ್ರಮವಿರುತ್ತದೆ, ನೋಟಿಸ್ ಇರುತ್ತದೆ, ಹರಾಜಿಗೆ ಮೊದಲು ಕಟ್ಟಿ ಬಿಡಿಸಿಕೊಳ್ಳಲು ಕೊನೆಯ ಅವಕಾಶವಿರುತ್ತದೆ. ಅಡ್ಡಗಟ್ಟಿದರೆ ಜಗಳಕ್ಕೆ ಇಳಿಯದೆ 112ಕ್ಕೆ ಫೋನ್ ಮಾಡಲು ಯಜಮಾನರಿಗೆ ಹೇಳಿ.

ಸಂಘದ ಸಾಲದ ವಿಷಯ ಸ್ವಲ್ಪ ಉದ್ದ. ಇಲ್ಲಿ ಸಾಲ ಕೊಟ್ಟ ಮೈಕ್ರೋಫೈನಾನ್ಸ್ ಕಂಪನಿಯ ಜೊತೆಗೆ ನಿಮ್ಮ ಓಣಿಯ ಹೆಂಗಸರೂ ಇದ್ದಾರೆ. ನೀವು ಕಟ್ಟದಿದ್ದ ವಾರ ಅವರು ಕೈಯಿಂದ ಹಾಕಬೇಕಾಗುತ್ತದೆ, ಅವರ ಮನೆಯಲ್ಲೂ ದುಡ್ಡು ಕೊಳೆಯುತ್ತಿಲ್ಲ. ಹಾಗಾಗಿ ಕದ ಹಾಕಿಕೊಂಡು ಒಳಗೆ ಕೂರಬೇಡಿ. ಮೀಟಿಂಗಿಗೆ ಹೋಗಿ, ಎಷ್ಟಾಗುತ್ತದೋ ಅಷ್ಟು ಕಟ್ಟಿ, ಲೋನ್ ಕಾರ್ಡಿನಲ್ಲಿ ಬರೆಸಿ ಬನ್ನಿ. ಎರಡು ಸತತ ಸಲ ಮೀಟಿಂಗ್ ಜಾಗಕ್ಕೆ ಹೋಗದಿದ್ದರೆ ಮನೆಗೆ ಬಂದು ಕೇಳಲು ನಿಯಮದಲ್ಲಿ ಅವಕಾಶವಿದೆ, ಅದಕ್ಕೂ ಸೇರಿಯೇ ಹೇಳುತ್ತಿದ್ದೇನೆ.

ಆದರೆ ಕಂಪನಿಯ ಕಡೆಯೂ ತಪ್ಪಿದೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಮಾಡಿದ ಮೈಕ್ರೋಫೈನಾನ್ಸ್ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಇದು. ಆ ಮನೆಯ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಿಮ್ಮ ಅರ್ಧ ಅಂದರೆ 11,500. ಆಟೋ ಕಂತಿಗೆ ಎರಡು ಸಂಘದ ಕಂತು ಸೇರಿಸಿದರೆ 15,900 ಆಗುತ್ತದೆ. ಎರಡನೇ ಸಾಲ ಕೊಡುವಾಗ ಆಟೋ ಸಾಲ ಇತ್ತೆಂದಾದರೆ, ಕೇಳಬೇಕಾದ್ದನ್ನು ಕೇಳದೆ ಕೊಟ್ಟಿದ್ದಾರೆ. ಇದನ್ನು ಎರಡೂ ಶಾಖೆಯ ಮ್ಯಾನೇಜರಿಗೆ ಬರೆದು ಕೊಡಿ: ನಮ್ಮ ಆದಾಯ ಇಷ್ಟು, ಕಂತು ಇಷ್ಟು, ಮೊದಲನೆಯವರಿಗೆ ವಾರಕ್ಕೆ 650, ಎರಡನೆಯವರಿಗೆ 550 ಕಟ್ಟುತ್ತೇವೆ, ಅವಧಿ ಉದ್ದ ಮಾಡಿಕೊಡಿ. ಅದು ತಿಂಗಳಿಗೆ 5,200 ಆಗುತ್ತದೆ, ಆಟೋ ಕಟ್ಟಿದ ಮೇಲೆ ನಿಮ್ಮಲ್ಲಿ ಉಳಿಯುವುದೂ ಅಷ್ಟೇ. ಒಪ್ಪಲೇಬೇಕೆಂಬ ಕಾನೂನಿಲ್ಲ. ಆದರೆ ಲೆಕ್ಕ ಸಮೇತ ಬರೆದ ಅರ್ಜಿಯನ್ನು ಪಕ್ಕಕ್ಕಿಡುವುದು ಅವರಿಗೂ ಸುಲಭವಲ್ಲ. ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಂಡೇ ಬನ್ನಿ.

ವಸೂಲಿಗೆ ಬರುವ ಹುಡುಗರಿಗೂ ಕಟ್ಟುಪಾಡುಗಳಿವೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಆಟೋ ಫೈನಾನ್ಸಿನಂಥ ಉಳಿದ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7. ಬೈಯುವುದು, ಬೆದರಿಸುವುದು, ಮೇಲಿಂದ ಮೇಲೆ ಫೋನ್ ಮಾಡಿ ಪೀಡಿಸುವುದು, ನೆಂಟರಿಗೆ ಕಾಟ ಕೊಡುವುದು, ಸಾಲಗಾರರ ಹೆಸರು ಊರಿಗೆಲ್ಲ ಸಾರುವುದು ಯಾವುದನ್ನೂ ಮಾಡುವಂತಿಲ್ಲ. ಬಂದವರ ಗುರುತಿನ ಚೀಟಿ ಕೇಳಿ. ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ನಮ್ಮ ಕಡೆಯ ಮಾತಿನಲ್ಲೇ ಸಮಾಧಾನವಾಗಿ ಹೇಳಿ: "ಸಾಲ ಇಲ್ಲ ಅಂತ ಹೇಳಂಗಿಲ್ರೀ, ಕೊಡ್ತೀವ್ರಿ. ನಾಳೆ ಮೀಟಿಂಗಿಗೆ ಬರ್ತೀನಿ. ಈಗ ಹೊತ್ತು ಮೀರೈತಿ, ನಿಮ್ಮ ಹೆಸರು, ಐಡಿ ನಂಬರ್ ಹೇಳ್ರಿ, ಬರ್ಕೊಳ್ತೀನಿ." ಹೆಸರು ಬರೆದುಕೊಳ್ಳಲು ಶುರು ಮಾಡಿದರೆ ಎಷ್ಟೋ ಜನರ ದನಿ ತಗ್ಗುತ್ತದೆ. ಏಜೆಂಟನ ಸ್ವಂತ ಫೋನ್ ಪೇ ನಂಬರಿಗೆ ಮಾತ್ರ ಯಾವತ್ತೂ ಹಣ ಹಾಕಬೇಡಿ.

ಕೈಸಾಲದ ಲೆಕ್ಕ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನೂರಕ್ಕೆ ಐದು ಅಂದರೆ ವರ್ಷಕ್ಕೆ ನೂರಕ್ಕೆ ಅರವತ್ತು. ಕರ್ನಾಟಕದಲ್ಲಿ ಲೇವಾದೇವಿ ಮಾಡಲು 1961ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಪರವಾನಗಿ ಇದ್ದವರೂ ಭದ್ರತೆಯಿರುವ ಸಾಲಕ್ಕೆ ವರ್ಷಕ್ಕೆ ಶೇ 14, ಭದ್ರತೆಯಿಲ್ಲದ ಸಾಲಕ್ಕೆ ಶೇ 16 ದಾಟುವಂತಿಲ್ಲ. ಮಿತಿಮೀರಿದ ಬಡ್ಡಿ ವಸೂಲಿಯನ್ನು ತಡೆಯಲೆಂದೇ 2004ರ ಕಾಯ್ದೆಯೂ ಇದೆ. 60,000ಕ್ಕೆ ಶೇ 16ರಂತೆ ಎರಡು ವರ್ಷದ ಬಡ್ಡಿ 19,200. ನೀವು ಕೊಟ್ಟಿರುವುದು 72,000. ಹೆಚ್ಚಿಗೆ ಹೋದ 52,800ನ್ನು ಅಸಲಿಗೆ ಜಮಾ ಮಾಡಿದರೆ ಉಳಿಯುವುದು 7,200 ಮಾತ್ರ. ಅಸಲು ಹಾಗೇ ಇದೆ ಎಂದು ನೀವು ಬರೆದಿದ್ದೀರಿ, ಕಾನೂನಿನ ಕಣ್ಣಿನಲ್ಲಿ ಅದು ಬಹುಪಾಲು ತೀರಿದೆ.

ಹಾಗೆಂದು ನಾಳೆಯಿಂದ ಕೊಡುವುದಿಲ್ಲ ಎಂದು ಅವರ ಬಾಗಿಲಲ್ಲಿ ನಿಂತು ಕೂಗಬೇಡಿ, ಅವರ ಕೈಯಲ್ಲಿ ಚೆಕ್ ಇದೆ. ಮೊದಲು ಚೆಕ್ ಬುಕ್ ತೆಗೆದು ಆ ಎರಡು ಚೆಕ್‌ಗಳ ನಂಬರ್ ಬರೆದುಕೊಳ್ಳಿ. ತಿಂಗಳು ತಿಂಗಳು ಕೊಟ್ಟ ಬಡ್ಡಿಗೆ ಸಾಕ್ಷಿ ಒಟ್ಟುಮಾಡಿ: ಫೋನ್ ಪೇ ಲೆಕ್ಕ, ಡೈರಿ, ನಗದು ಕೊಡುವಾಗ ಜೊತೆಗಿದ್ದವರ ಹೆಸರು. ಆಮೇಲೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ವಕೀಲರನ್ನೋ ಇಬ್ಬರು ಹಿರಿಯರನ್ನೋ ಕರೆದುಕೊಂಡು ಹೋಗಿ ಒಂದೇ ಗಂಟು ಕೊಟ್ಟು ಮುಗಿಸುವ ಮಾತಾಡಿ. ಹತ್ತು ಹದಿನೈದು ಸಾವಿರಕ್ಕೆ ಒಪ್ಪಿದರೆ, ಆಗ ಬೇಕಾದರೆ ಬ್ಯಾಂಕಿನಲ್ಲಿ ಕಿವಿಯೋಲೆ ಅಡವಿಟ್ಟು ತನ್ನಿ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಈ ಅರವತ್ತರ ಹತ್ತಿರಕ್ಕೂ ಬರುವುದಿಲ್ಲ. ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಎರಡೂ ಚೆಕ್, ಜೊತೆಗೆ "ಬಾಕಿ ಏನೂ ಇಲ್ಲ" ಎಂಬ ಬರಹ. ಮೂರೂ ಒಟ್ಟಿಗೆ ಆಗಬೇಕು.

ಅವರು ಚೆಕ್ ಹಾಕಿ ಅದು ಬೌನ್ಸ್ ಆದರೆ ನಿಮಗೆ ನೋಟಿಸ್ ಬರುತ್ತದೆ. ಅಂಚೆಯವರಿಂದ ಅದನ್ನು ಬಿಡಿಸಿಕೊಳ್ಳದೆ ವಾಪಸ್ ಕಳಿಸುವವರಿದ್ದಾರೆ, ಹಾಗೆ ಮಾತ್ರ ಮಾಡಬೇಡಿ. ಕೈಸೇರಿದ ದಿನದಿಂದ ಹಣ ಕಟ್ಟಲು 15 ದಿನ ಇರುತ್ತದೆ, ಅಷ್ಟರೊಳಗೆ ವಕೀಲರಿಂದ ಉತ್ತರ ಹೋಗಬೇಕು. ಖಾಲಿ ಚೆಕ್ ಕೊಟ್ಟಿದ್ದೆ ಅಂದ ಮಾತ್ರಕ್ಕೆ ಕೋರ್ಟು ಬಿಟ್ಟುಬಿಡುವುದಿಲ್ಲ. ಆಗ ಕೆಲಸಕ್ಕೆ ಬರುವುದು ನೀವು ಒಟ್ಟುಮಾಡಿದ ಬಡ್ಡಿಯ ಲೆಕ್ಕವೇ.

ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ಮನೆ ಸಾಮಾನೆಲ್ಲ ಹೊರಗೆ ಹಾಕುತ್ತಾರೆ ಎಂದು ಯಾರಾದರೂ ಹೆದರಿಸಿದರೆ ಇದು ಗೊತ್ತಿರಲಿ. ಚೆಕ್ ಪ್ರಕರಣ, ಮೋಸದ ಪ್ರಕರಣ ಬೇರೆ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ, ಸಿವಿಲ್ ವ್ಯಾಜ್ಯ. ಹಣ ಕಟ್ಟಬೇಕೆಂದು ಕೋರ್ಟು ಕೊಟ್ಟ ತೀರ್ಪಿಗಾಗಿ (ಡಿಕ್ರಿ) ಹೆಂಗಸನ್ನು ಸಿವಿಲ್ ಬಂಧನದಲ್ಲಿಡಲು ಬರುವುದೇ ಇಲ್ಲ. ಕೋರ್ಟಿನ ಆದೇಶ ತಂದರೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ ಇವನ್ನು ಜಪ್ತಿ ಮಾಡುವಂತಿಲ್ಲ. ನಿಮ್ಮ ಹೊಲಿಗೆ ಯಂತ್ರ, ಕೊರಳಿನ ತಾಳಿಗೆ ಈ ರಕ್ಷಣೆಯಿದೆ. ಸಾಲದ ಕಾಟಕ್ಕೆ ಜನ ಜೀವ ಕಳೆದುಕೊಂಡ, ಊರು ಬಿಟ್ಟುಹೋದ ಸುದ್ದಿಗಳ ನಡುವೆ 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಮುಖ್ಯವಾಗಿ ನೋಂದಣಿಯಿಲ್ಲದೆ ಸಾಲ ಕೊಡುವವರನ್ನು ಹಿಡಿಯಲು ಬಂದ ಕಾಯ್ದೆ ಅದು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ಬರೆದುಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ ಎಂದೂ ಅದರಲ್ಲಿದೆ. ನಿಮ್ಮ ಕೈಸಾಲದವರಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂದು ಉಚಿತ ವಕೀಲರ ಹತ್ತಿರವೇ ಕೇಳಿ. ಅವರಿಗೆ ಪರವಾನಗಿ, ನೋಂದಣಿ ಇವೆಯೇ ಎಂಬುದು ಅಲ್ಲಿ ಮೊದಲ ಪ್ರಶ್ನೆಯಾಗುತ್ತದೆ.

ಫೈನಾನ್ಸ್ ಕಂಪನಿ, ಮೈಕ್ರೋಫೈನಾನ್ಸ್ ಕಂಪನಿಗಳ ಮೇಲಿನ ದೂರು ಮೊದಲು ಅವರಿಗೇ ಬರವಣಿಗೆಯಲ್ಲಿ ಹೋಗಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆಂದು ತಿಳಿಸುತ್ತಾರೆ.

ಮುಂದೆ ಲೋಕ ಅದಾಲತ್ ಎಂದು ಬರೆದ ಕಾಗದ ಬಂದರೆ ಗಾಬರಿಯಾಗಬೇಡಿ. ಅದು ವಾರಂಟ್ ಅಲ್ಲ, ರಾಜಿಗೆ ಕರೆ. ಆದರೆ ಕೋರ್ಟಿನಿಂದಲೇ ಬಂದಿದೆಯೇ ಎಂದು ಪ್ರಾಧಿಕಾರದ ಕಚೇರಿಯಲ್ಲಿ ತೋರಿಸಿ ಖಾತ್ರಿ ಮಾಡಿಕೊಳ್ಳಿ, ವಸೂಲಿಯವರು ತಾವೇ ಅಂಥ ಕಾಗದ ಮಾಡಿ ಹೆದರಿಸುವುದುಂಟು. ಹೋಗುವಾಗ ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂಬುದನ್ನು ಬರೆದುಕೊಂಡೇ ಹೋಗಿ. ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಅದರ ಮೇಲೆ ಅಪೀಲಿಲ್ಲ. ಕಟ್ಟಲಾಗದ ಮೊತ್ತಕ್ಕೆ ಮುಲಾಜಿಗೆ ಬಿದ್ದು ಹ್ಞೂಂ ಅನ್ನಬೇಡಿ. ಯಾವುದೇ ಸಾಲ ಮುಗಿದ ದಿನ ಬಾಕಿಯಿಲ್ಲದ ಪತ್ರ ತೆಗೆದುಕೊಳ್ಳಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ, ತೆಗೆಸಿ ನೋಡಿ, ವರ್ಷಕ್ಕೊಮ್ಮೆ ಅದು ಉಚಿತ. ಪೂರ್ತಿ ಕಟ್ಟಿದ ಸಾಲ ಅಲ್ಲಿ "ಕ್ಲೋಸ್ಡ್" ಎಂದಿರಬೇಕು. "ಸೆಟಲ್ಡ್" ಎಂದಿದ್ದರೆ ಕಡಿಮೆ ಕಟ್ಟಿ ಮುಗಿಸಿದ್ದೀರಿ ಎಂದು ಓದಿಕೊಳ್ಳುತ್ತಾರೆ, ಮುಂದೆ ಬ್ಯಾಂಕ್ ಸಾಲಕ್ಕೆ ಅದು ಅಡ್ಡ ಬರುತ್ತದೆ. ಹಾಗಿದ್ದರೆ ಬಾಕಿಯಿಲ್ಲದ ಪತ್ರದ ನಕಲು ಸೇರಿಸಿ ಸಿಬಿಲ್‌ನವರಿಗೂ ಸಾಲ ಕೊಟ್ಟ ಕಂಪನಿಗೂ ತಿದ್ದುಪಡಿಗೆ ಬರೆಯಿರಿ.